ಸ್ಮಾರ್ಟ್‌ವಾಚ್ ಪರದೆಯಲ್ಲಿ ಓದಬಲ್ಲ ಚಾರ್ಟ್: ಪಿಕ್ಸೆಲ್ ಬಿಟ್ಟು ಮಿಲಿಮೀಟರ್ ಹಿಡಿಯಿರಿ

ಫೋನಿನಲ್ಲಿ ಚೆನ್ನಾಗಿ ಕಾಣುವ ಚಾರ್ಟು ವಾಚಿಗೆ ಹೋದ ಕೂಡಲೇ ಯಾಕೆ ಮಬ್ಬಾಗುತ್ತದೆ? ಆರೋಗ್ಯ, ವ್ಯಾಯಾಮ, ಹವಾಮಾನದ ಆ್ಯಪ್ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬಹಳಷ್ಟು ಸಲ ಕಾರಣ ಸರಳ: ಫೋನಿನ ಚಾರ್ಟನ್ನೇ ಕುಗ್ಗಿಸಿ ಕೂರಿಸಿರುತ್ತಾರೆ. ಅಕ್ಷರ ಸಣ್ಣದಾಯಿತು, ಗೆರೆ ತೆಳುವಾಯಿತು. ಆದರೆ ಕಣ್ಣಿಗೂ ಪರದೆಗೂ ನಡುವಿನ ದೂರ ಮಾತ್ರ ಫೋನಿಗಿದ್ದಷ್ಟೇ ಉಳಿಯಿತು. ಫೋನನ್ನು ಹಿಡಿದು ಓದುವವರು ಹತ್ತಾರು ಸೆಕೆಂಡು ನೋಡುತ್ತಾರೆ, ಬೇಕಿದ್ದರೆ ಹಿಗ್ಗಿಸುತ್ತಾರೆ. ವಾಚಿನೊಂದಿಗಿನ ಒಡನಾಟ ಬಹುತೇಕ ಐದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಹಾಗಾಗಿ ವಾಚಿನ ಚಾರ್ಟನ್ನು ಮೊದಲಿಂದ ಕಟ್ಟಬೇಕು.

ಕೆಳಗಿನ ಹಂತಗಳಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ದುಂಡು ಪರದೆಯ ಮೇಲೆ ಒಂದು ದಿನದ ಹೃದಯಬಡಿತ. ಚೌಕ ಪರದೆಗೆ, ಬೇರೆ ದತ್ತಾಂಶಕ್ಕೆ ಲೆಕ್ಕ ಬದಲಾಗುತ್ತದೆ, ವಿಧಾನ ಅದೇ.

ಶುರು ಮಾಡುವ ಮೊದಲು ಇವು ಕೈಯಲ್ಲಿರಲಿ:

- ನೀವು ಗುರಿಯಿಟ್ಟ ವಾಚುಗಳ ಪರದೆಯ ಪಿಕ್ಸೆಲ್ ಎಣಿಕೆ ಮತ್ತು ಪ್ರತಿ ಇಂಚಿಗೆ ಎಷ್ಟು ಪಿಕ್ಸೆಲ್ ಎನ್ನುವ ಸಂಖ್ಯೆ. ಇದನ್ನು ಪಿಪಿಐ ಎನ್ನುತ್ತಾರೆ.
- ಕನಿಷ್ಠ ಒಂದು ವಾರದ ನಿಜವಾದ ದತ್ತಾಂಶ. ವಾಚು ಬಿಚ್ಚಿಟ್ಟ ಗಂಟೆಗಳು, ಸೆನ್ಸರ್ ತಪ್ಪಿದ ಕ್ಷಣಗಳು ಅದರಲ್ಲಿ ಇರಲೇಬೇಕು. ಕೈಯಾರೆ ಬರೆದ ಅಂದವಾದ ಮಾದರಿ ದತ್ತಾಂಶದಲ್ಲಿ ಎಲ್ಲ ಚಾರ್ಟೂ ಚೆನ್ನಾಗಿಯೇ ಕಾಣುತ್ತದೆ.
- ಒಂದು ಅಳತೆಪಟ್ಟಿ, ಪ್ರಿಂಟರ್, ಮತ್ತು ಕೈಗೆ ಕಟ್ಟಿಕೊಳ್ಳಲು ನಿಜವಾದ ಒಂದು ವಾಚು.

1. ಚಾರ್ಟು ಉತ್ತರಿಸಬೇಕಾದ ಒಂದೇ ಒಂದು ಪ್ರಶ್ನೆ ಬರೆದಿಡಿ

"ಹೃದಯಬಡಿತ ತೋರಿಸಬೇಕು" ಎನ್ನುವುದು ಪ್ರಶ್ನೆಯಲ್ಲ. "ಈಗಿನ ಬಡಿತ ಇವತ್ತಿನ ಏರಿಳಿತದಲ್ಲಿ ಎಲ್ಲಿದೆ?" ಎನ್ನುವುದು ಪ್ರಶ್ನೆ. "ಈ ವಾರ ಯಾವ ದಿನ ಕಡಿಮೆ ನಡೆದೆ?", "ಗುರಿ ಮುಟ್ಟಲು ಇನ್ನೆಷ್ಟು?", "ಮಳೆ ಯಾವಾಗ ನಿಲ್ಲುತ್ತದೆ?" ಇವೂ ಪ್ರಶ್ನೆಗಳೇ. ಒಂದು ಪರದೆಗೆ ಒಂದು ಪ್ರಶ್ನೆ. ಎರಡನೆಯದು ಬಂತೆಂದರೆ ಎರಡನೆಯ ಪರದೆ ಮಾಡಿ, ಸರಿಸಿ ನೋಡಲಿ.

ಇಲ್ಲೇ ಇನ್ನೊಂದು ತೀರ್ಮಾನವೂ ಆಗಬೇಕು: ಇದಕ್ಕೆ ಚಾರ್ಟು ಬೇಕೇ? ಉತ್ತರ ಒಂದೇ ಸಂಖ್ಯೆಯಾಗಿದ್ದರೆ ಆ ಸಂಖ್ಯೆಯನ್ನೇ ದೊಡ್ಡದಾಗಿ ಬರೆಯಿರಿ. ಓಡುತ್ತಿರುವವರಿಗೆ ಈಗಿನ ವೇಗ ಬೇಕು. ಕಳೆದ ಅರ್ಧ ಗಂಟೆಯ ವೇಗದ ಗೆರೆಯನ್ನು ಅಲುಗಾಡುವ ಕೈಯಲ್ಲಿ ಯಾರೂ ಓದುವುದಿಲ್ಲ. ಅದು ಓಟ ಮುಗಿದ ಮೇಲಿನ ಪರದೆಗೆ ಸೇರಿದ್ದು.

2. ಪಿಕ್ಸೆಲನ್ನು ಮಿಲಿಮೀಟರಿಗೆ ತಿರುಗಿಸಿ

ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಹಂತ ಬಿಟ್ಟಿದ್ದರಿಂದ. ಪಿಪಿಐಯನ್ನು 25.4ರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಎಂದು ಸಿಗುತ್ತದೆ. 450×450 ಪಿಕ್ಸೆಲಿನ, 1.4 ಇಂಚಿನ ದುಂಡು ಪರದೆಯ ಪಿಪಿಐ ಸುಮಾರು 320. ಅಂದರೆ ಮಿಲಿಮೀಟರಿಗೆ 12.6 ಪಿಕ್ಸೆಲ್, ಪರದೆಯ ಅಡ್ಡಳತೆ ಸುಮಾರು 35.5 ಮಿ.ಮೀ. 45 ಮಿ.ಮೀ. ಆ್ಯಪಲ್ ವಾಚಿನ 396×484 ಪಿಕ್ಸೆಲ್ ಪರದೆ ಹೆಚ್ಚುಕಡಿಮೆ 31×38 ಮಿ.ಮೀ. 1.3 ಇಂಚಿನಲ್ಲಿ 260×260 ಪಿಕ್ಸೆಲ್ ಇರುವ ಕ್ರೀಡಾ ವಾಚಿನಲ್ಲಿ ಮಿಲಿಮೀಟರಿಗೆ 8 ಪಿಕ್ಸೆಲ್ ಮಾತ್ರ. ಹಾಗಾಗಿ "ಅಕ್ಷರ 22 ಪಿಕ್ಸೆಲ್ ಎತ್ತರ ಇರಲಿ" ಎಂಬ ಮಾತಿಗೆ ಅರ್ಥವೇ ಇಲ್ಲ. ಒಂದು ವಾಚಿನಲ್ಲಿ ಅದು 1.75 ಮಿ.ಮೀ., ಇನ್ನೊಂದರಲ್ಲಿ 2.8 ಮಿ.ಮೀ.

ಕಣ್ಣಿಗೆ ಎಷ್ಟು ಬೇಕು? ಪರದೆಯ ಮೇಲಿನ ಅಕ್ಷರದ ಎತ್ತರ ಕಣ್ಣಿನಲ್ಲಿ 20ರಿಂದ 22 ಕೋನ ನಿಮಿಷದಷ್ಟು ತೆರೆದುಕೊಳ್ಳಬೇಕು, 16ಕ್ಕಿಂತ ಕೆಳಗಿಳಿಯಬಾರದು ಎನ್ನುವುದು ಪರದೆಗಳ ಬಗ್ಗೆ ಒಪ್ಪಿತವಾದ ಅಳತೆ. ಕೋನ ನಿಮಿಷ ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಲೆಕ್ಕ ಸುಲಭ: ನೋಡುವ ದೂರವನ್ನು 0.0058ರಿಂದ ಗುಣಿಸಿದರೆ 20 ಕೋನ ನಿಮಿಷದ ಎತ್ತರ ಸಿಗುತ್ತದೆ. 30 ಸೆಂ.ಮೀ. ದೂರಕ್ಕೆ 1.75 ಮಿ.ಮೀ.; ನಮ್ಮ ಪರದೆಯಲ್ಲಿ 22 ಪಿಕ್ಸೆಲ್. ಇದು ಅಂಕಿಯ ಎತ್ತರ, ಫಾಂಟಿನ ಗಾತ್ರವಲ್ಲ. ಸಾಮಾನ್ಯ ಫಾಂಟುಗಳಲ್ಲಿ ಅಂಕಿ ಫಾಂಟ್ ಗಾತ್ರದ ಸುಮಾರು ಶೇ. 70ರಷ್ಟು ಇರುವುದರಿಂದ ಫಾಂಟ್ ಗಾತ್ರ 31 ಪಿಕ್ಸೆಲ್ ಬೇಕು. ಗೂಗಲ್‌ನ ವಾಚ್ ವ್ಯವಸ್ಥೆಯಾದ ವೇರ್ ಓಎಸ್‌ನ ಅಳತೆಯಲ್ಲಿ ಅದು ಸುಮಾರು 16 ಎಸ್‌ಪಿ. ಎಸ್‌ಪಿ ಎಂದರೆ ಅಕ್ಷರದ ಗಾತ್ರ ಹೇಳುವ ಏಕಮಾನ, ನಮ್ಮ ಪರದೆಯಲ್ಲಿ ಒಂದು ಎಸ್‌ಪಿಗೆ ಎರಡು ಪಿಕ್ಸೆಲ್.

ವಯಸ್ಸು ನಲವತ್ತೈದು ದಾಟಿದವರಿಗೆ 30 ಸೆಂ.ಮೀ. ಹತ್ತಿರದಲ್ಲಿ ಕಣ್ಣು ಕೂರುವುದು ಕಷ್ಟ. ಅವರು ಕೈಯನ್ನು 40 ಸೆಂ.ಮೀ. ದೂರಕ್ಕೆ ಒಯ್ಯುತ್ತಾರೆ. ಆಗ ಬೇಕಾದ ಎತ್ತರ 2.3 ಮಿ.ಮೀ. ಅಥವಾ 29 ಪಿಕ್ಸೆಲ್, ಫಾಂಟ್ ಗಾತ್ರ ಸುಮಾರು 21 ಎಸ್‌ಪಿ. ಆರೋಗ್ಯದ ಆ್ಯಪ್ ಆದರೆ ಇದನ್ನೇ ನಿಮ್ಮ ಕನಿಷ್ಠ ಎಂದುಕೊಳ್ಳಿ. ಬಡಿತದ ಮೇಲೆ ಹೆಚ್ಚು ಕಣ್ಣಿಡುವವರು ಯಾವ ವಯಸ್ಸಿನವರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಗೆರೆಗೂ ಇದೇ ಲೆಕ್ಕ. ಒಳ್ಳೆಯ ಕಣ್ಣು ಬೇರ್ಪಡಿಸಿ ನೋಡಬಲ್ಲ ವಿವರ ಸುಮಾರು ಒಂದು ಕೋನ ನಿಮಿಷ; 30 ಸೆಂ.ಮೀ. ದೂರದಲ್ಲಿ ಅದು 0.09 ಮಿ.ಮೀ., ಅಂದರೆ ನಮ್ಮ ಪರದೆಯ ಒಂದು ಪಿಕ್ಸೆಲ್. ಒಂದು ಪಿಕ್ಸೆಲ್ ಗೆರೆ ಎಂದರೆ ದೃಷ್ಟಿಯ ಕೊನೆಯಂಚಿನಲ್ಲಿ ನಿಂತ ಗೆರೆ. ಮುಖ್ಯ ಗೆರೆ 0.35ರಿಂದ 0.5 ಮಿ.ಮೀ. ಇರಲಿ, ಇಲ್ಲಿ 4ರಿಂದ 6 ಪಿಕ್ಸೆಲ್. ಹಿಂದೆ ನಿಲ್ಲುವ ಸಹಾಯಕ ಗೆರೆಗೆ 2 ಪಿಕ್ಸೆಲ್ ಸಾಕು.

3. ದುಂಡು ಪರದೆಯಲ್ಲಿ ನಿಜವಾಗಿ ಸಿಗುವ ಜಾಗ ಗುರುತಿಸಿ

450×450 ಎಂದ ಮಾತ್ರಕ್ಕೆ ಅಷ್ಟೂ ಜಾಗ ನಿಮ್ಮದಲ್ಲ. ವೃತ್ತದೊಳಗೆ ಹಿಡಿಸುವ ಅತಿ ದೊಡ್ಡ ಚೌಕದ ಬದಿ ಅಡ್ಡಳತೆಯ ಶೇ. 70.7 ಮಾತ್ರ, ಅಂದರೆ 318 ಪಿಕ್ಸೆಲ್. ಚಾರ್ಟಿಗೆ ಚೌಕಕ್ಕಿಂತ ಅಗಲವಾದ ಆಯತ ಒಳ್ಳೆಯದು. 3-4-5ರ ತ್ರಿಕೋನ ಇಲ್ಲಿ ಕೆಲಸಕ್ಕೆ ಬರುತ್ತದೆ: ಅಂಚಿನಲ್ಲಿ ಸುತ್ತಲೂ 15 ಪಿಕ್ಸೆಲ್ ಬಿಟ್ಟರೆ 420 ಅಡ್ಡಳತೆಯ ವೃತ್ತ ಉಳಿಯುತ್ತದೆ, ಅದರೊಳಗೆ 336×252 ಪಿಕ್ಸೆಲಿನ ಆಯತ ಮೂಲೆ ಮುಟ್ಟಿ ಕೂರುತ್ತದೆ. ಸುಮಾರು 26.7×20 ಮಿ.ಮೀ. ಚಾರ್ಟಿಗೆ ಸಿಕ್ಕ ಆಸ್ತಿ ಇಷ್ಟೇ.

ಉಳಿದ ಮೇಲಿನ ಮತ್ತು ಕೆಳಗಿನ ಕಮಾನುಗಳಲ್ಲಿ ಬರಹ ಇಡಬಹುದು. ಎಷ್ಟು ಅಗಲ ಸಿಗುತ್ತದೆ ಎಂದು ತಿಳಿಯಲು ಒಂದು ಸೂತ್ರ: ತ್ರಿಜ್ಯದ ವರ್ಗದಿಂದ, ನಡುಬಿಂದುವಿನಿಂದ ಇರುವ ಎತ್ತರದ ವರ್ಗ ಕಳೆಯಿರಿ, ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಈಗಿನ ಬಡಿತದ ಅಂಕಿಯನ್ನು 56 ಪಿಕ್ಸೆಲ್ ಎತ್ತರಕ್ಕೆ ಬರೆದು ಚಾರ್ಟಿನ ಮೇಲೆ ಇಟ್ಟರೆ ಅದರ ಮೇಲಂಚು ನಡುಬಿಂದುವಿನಿಂದ 188 ಪಿಕ್ಸೆಲ್ ಮೇಲಿರುತ್ತದೆ. ಅಲ್ಲಿ ಅಗಲ 187 ಪಿಕ್ಸೆಲ್. "128" ಆರಾಮಾಗಿ ಹಿಡಿಸುತ್ತದೆ.

ಕೆಳಗೆ ಗಂಟೆಗಳ ಸಾಲಿನಲ್ಲಿ ಎಲ್ಲರೂ ಎಡವುತ್ತಾರೆ. ಚಾರ್ಟಿನ ತಳದ ಅಗಲ 336, ಆದರೆ ಅದರ ಕೆಳಗೆ 29 ಪಿಕ್ಸೆಲ್ ಅಂಕಿ ಬರೆಯುವ ಎತ್ತರದಲ್ಲಿ ಪರದೆಗೆ ಉಳಿದಿರುವುದು ಸುಮಾರು 260. ಹಾಗಾಗಿ ಎರಡು ತುದಿಗಳ "0" ಮತ್ತು "24" ಅಂಚಿನಾಚೆ ಹೋಗಿ ಕತ್ತರಿಸಿಕೊಳ್ಳುತ್ತವೆ. 6, 12, 18 ಮಾತ್ರ ಬರೆಯಿರಿ. ಓದುವವರಿಗೆ ಅಷ್ಟೇ ಸಾಕು.

ಎಚ್ಚರಿಕೆ: ವೇರ್ ಓಎಸ್ ವಾಚುಗಳ ಪರದೆ 192 ಡಿಪಿಯಿಂದ ಶುರುವಾಗುತ್ತದೆ, 225 ಡಿಪಿ ಅಥವಾ ಅದಕ್ಕಿಂತ ದೊಡ್ಡದಾದರೆ ಅದನ್ನು ದೊಡ್ಡ ಪರದೆ ಎಂದು ಎಣಿಸುತ್ತಾರೆ. ಡಿಪಿ ಎಂದರೆ ಇಂಚಿಗೆ 160 ಎಂದು ಲೆಕ್ಕ ಹಿಡಿದ ಅಳತೆಯ ಏಕಮಾನ. ಮೊದಲು 192ಕ್ಕೆ ಕಟ್ಟಿ. ದೊಡ್ಡ ಪರದೆ ಸಿಕ್ಕಾಗ ಹೆಚ್ಚು ವಿವರ ತುಂಬುವ ಬದಲು ಅಂಕಿಯನ್ನೂ ಗೆರೆಯನ್ನೂ ಸ್ವಲ್ಪ ದಪ್ಪ ಮಾಡಿ.

4. ಚಾರ್ಟಿನ ಬಗೆ ಆರಿಸಿ

ಕಣ್ಣು ಯಾವ ಗುರುತನ್ನು ಎಷ್ಟು ನಿಖರವಾಗಿ ಅಳೆಯುತ್ತದೆ ಎಂದು ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಗಿಲ್ 1984ರಲ್ಲಿ ತೋರಿಸಿದರು. ಒಂದೇ ಅಳತೆಗೆರೆಯ ಮೇಲಿನ ಸ್ಥಾನ ಎಲ್ಲಕ್ಕಿಂತ ನಿಖರ, ಆಮೇಲೆ ಉದ್ದ ಮತ್ತು ಕೋನ, ಅದರ ನಂತರ ವಿಸ್ತೀರ್ಣ, ಕೊನೆಯಲ್ಲಿ ಬಣ್ಣದ ಗಾಢತೆ. ವಾಚಿಗೂ ಇದೇ ಅಡಿಪಾಯ. ಆದರೆ ಅಲ್ಲಿ ನಿಖರತೆಗಿಂತ ವೇಗ ಮುಖ್ಯವಾದ್ದರಿಂದ ಫಲಿತಾಂಶ ಸ್ವಲ್ಪ ಅಚ್ಚರಿಯದು. ತಾನ್ಯಾ ಬ್ಲಾಶೆಕ್ ಮತ್ತು ಸಂಗಡಿಗರು 2018ರಲ್ಲಿ ಸ್ಮಾರ್ಟ್‌ವಾಚಿನ ಮೇಲೆ ಮೂರು ಬಗೆಯ ಚಾರ್ಟುಗಳನ್ನು 7, 12 ಮತ್ತು 24 ಮೌಲ್ಯಗಳೊಂದಿಗೆ ಪರೀಕ್ಷಿಸಿದರು. ಗುರುತು ಮಾಡಿದ ಎರಡು ಭಾಗಗಳಲ್ಲಿ ದೊಡ್ಡದು ಯಾವುದು ಎಂದು ಹೇಳಲು ಬಳೆ ಚಾರ್ಟಿಗೆ ಸರಾಸರಿ 220 ಮಿಲಿಸೆಕೆಂಡಿಗಿಂತ ಕಡಿಮೆ, ಕಂಬ ಚಾರ್ಟಿಗೆ 300ಕ್ಕಿಂತ ಕಡಿಮೆ ಸಾಕಾಯಿತು. ಒಂದರೊಳಗೊಂದು ಸುತ್ತಿಕೊಂಡ ವೃತ್ತಾಕಾರದ ಕಂಬಗಳಿಗೆ ಮಾತ್ರ 1,780 ಮಿಲಿಸೆಕೆಂಡಿನವರೆಗೆ ಬೇಕಾಯಿತು.

ಬಳೆ ಚಾರ್ಟು ಎಂದರೆ ನಡುವೆ ತೂತಿರುವ ವೃತ್ತವನ್ನು ತುಂಡುಗಳಾಗಿ ಹಂಚಿದ್ದು. ಸುತ್ತು ಕಂಬ ನಿಧಾನವಾಗಲು ಕಾರಣ ಊಹಿಸುವುದು ಕಷ್ಟವಲ್ಲ: ಹೊರಸುತ್ತಿನ ಶೇ. 75ಕ್ಕೂ ಒಳಸುತ್ತಿನ ಶೇ. 75ಕ್ಕೂ ಗೆರೆಯ ಉದ್ದ ಬೇರೆ ಬೇರೆ. ಹೊರಗಿನ ತ್ರಿಜ್ಯ 200, ಒಳಗಿನದು 100 ಆದರೆ ಒಂದೇ ಮೌಲ್ಯ ಒಂದು ಕಡೆ ಇಮ್ಮಡಿ ಉದ್ದ. ದುಂಡು ಪರದೆಗೆ ಅಂದವಾಗಿ ಹೊಂದುತ್ತದೆ ಎಂದು ಐದಾರು ಸುತ್ತು ಬಿಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ.

ನಮ್ಮ ಅನುಭವದ ಹೊಂದಾಣಿಕೆ ಹೀಗಿದೆ. ಗುರಿಯತ್ತ ಪ್ರಗತಿಗೆ ಒಂದೇ ಸುತ್ತಿನ ಬಳೆ, ನಡುವೆ ಸಂಖ್ಯೆ. ವಾರದ ಏಳು ದಿನಕ್ಕೆ ಕಂಬ: 30 ಪಿಕ್ಸೆಲ್ ಅಗಲದ ಏಳು ಕಂಬ, ನಡುವೆ 16 ಪಿಕ್ಸೆಲ್ ಬಿಟ್ಟರೆ 306ರಲ್ಲಿ ಮುಗಿಯುತ್ತದೆ. ಒಂದೆರಡು ಗಂಟೆಯ ಏರಿಳಿತಕ್ಕೆ ಗೆರೆ. ಇಡೀ ದಿನದ ಹೃದಯಬಡಿತಕ್ಕೆ ಗೆರೆಗಿಂತ ವ್ಯಾಪ್ತಿ ಕಂಬ ಮೇಲು: ಪ್ರತಿ ಗಂಟೆಗೆ ಒಂದು ಕಂಬ, ಅದರ ಕೆಳತುದಿ ಆ ಗಂಟೆಯ ಕನಿಷ್ಠ ಬಡಿತ, ಮೇಲ್ತುದಿ ಗರಿಷ್ಠ. 336 ಪಿಕ್ಸೆಲನ್ನು 24ರಿಂದ ಭಾಗಿಸಿದರೆ ಗಂಟೆಗೆ 14. ಕಂಬಕ್ಕೆ 9, ಸಂದಿಗೆ 5. ಕನಿಷ್ಠ ಗರಿಷ್ಠ ಎರಡೂ ಒಂದೇ ಆದ ಗಂಟೆಯಲ್ಲಿ ಕಂಬದ ಎತ್ತರ ಸೊನ್ನೆಯಾಗಿ ಮಾಯವಾಗುತ್ತದೆ. ಹಾಗಾಗದಂತೆ ಕನಿಷ್ಠ ಎತ್ತರವನ್ನು ಅಗಲದಷ್ಟೇ, 9 ಪಿಕ್ಸೆಲ್, ಇಡಿ. ದುಂಡು ತುದಿ ಕೊಟ್ಟರೆ ಅದು ಚುಕ್ಕೆಯಾಗಿ ಕಾಣುತ್ತದೆ.

ವಾಚಿಗೆ ಮಾತ್ರ ಇರುವ ಒಂದು ಕಾಟವೂ ಇದೆ. ಕೈಯಲ್ಲಿರುವ ಯಾವ ವೃತ್ತವನ್ನು ನೋಡಿದರೂ ಜನ ಅದನ್ನು ಗಡಿಯಾರವೆಂದೇ ಓದುತ್ತಾರೆ. 24 ಗಂಟೆಯ ದತ್ತಾಂಶವನ್ನು ವೃತ್ತದ ಸುತ್ತ ಹರಡಿದರೆ ಬಲಬದಿಯ ತುದಿ ನಿಮ್ಮ ಲೆಕ್ಕದಲ್ಲಿ ಬೆಳಗಿನ ಆರು, ನೋಡುವವರ ಲೆಕ್ಕದಲ್ಲಿ ಮೂರು ಗಂಟೆ. ಸಮಯವನ್ನು ವೃತ್ತಕ್ಕೆ ಸುತ್ತುವುದಾದರೆ 12 ಗಂಟೆಯದನ್ನು ಮಾತ್ರ ಸುತ್ತಿ, ಇಲ್ಲವೇ ನೇರ ಗೆರೆಗೆ ಬನ್ನಿ.

5. ದತ್ತಾಂಶ ಇಳಿಸಿ

ನಿಮಿಷಕ್ಕೊಂದು ಓದು ಎಂದರೂ ದಿನಕ್ಕೆ 1,440 ಬಿಂದುಗಳು. ಜಾಗ ಇರುವುದು 336 ಪಿಕ್ಸೆಲ್. ಹಾಗೆಯೇ ಗೆರೆ ಎಳೆದರೆ ಒಂದೊಂದು ಪಿಕ್ಸೆಲಿನೊಳಗೆ ನಾಲ್ಕು ಬಿಂದು ಮೇಲೆ ಕೆಳಗೆ ಹಾರಾಡಿ ದಪ್ಪ ಪಟ್ಟಿಯಂತೆ ಕಾಣುತ್ತದೆ, ಬ್ಯಾಟರಿಯೂ ಸುಮ್ಮನೆ ಖರ್ಚು.

ಮೊದಲು ಹೊಳೆಯುವ ಉಪಾಯ ಸರಾಸರಿ. ಅದು ತಪ್ಪು ಉಪಾಯವಾಗುವುದೇ ಹೆಚ್ಚು: ಐದು ನಿಮಿಷ ಮೆಟ್ಟಿಲು ಹತ್ತಿ 150 ಮುಟ್ಟಿದ ಬಡಿತ, ಒಂದು ಗಂಟೆಯ ಸರಾಸರಿಯಲ್ಲಿ ಕರಗಿ 80ರ ಆಸುಪಾಸಿಗೆ ಬಂದಿರುತ್ತದೆ. ಬಳಕೆದಾರರು ಹುಡುಕುತ್ತಿದ್ದದ್ದು ಆ 150 ಅನ್ನೇ. ವ್ಯಾಪ್ತಿ ಕಂಬದಲ್ಲಿ ಕನಿಷ್ಠ ಗರಿಷ್ಠ ಎರಡೂ ಉಳಿಯುವುದರಿಂದ ಈ ತೊಂದರೆ ಇಲ್ಲ. ಗೆರೆಯೇ ಬೇಕಿದ್ದರೆ ಎಲ್‌ಟಿಟಿಬಿ ಎಂಬ ಕ್ರಮ ಬಳಸಿ. ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸ್ವೇನ್ ಸ್ಟೇನಾರ್ಸನ್ 2013ರಲ್ಲಿ ಮುಂದಿಟ್ಟದ್ದು ಇದು: ಬಿಂದುಗಳನ್ನು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನಿಂದ ಅಕ್ಕಪಕ್ಕದವುಗಳ ಜೊತೆ ಅತಿ ದೊಡ್ಡ ತ್ರಿಕೋನ ಮಾಡುವ ಒಂದು ಬಿಂದುವನ್ನು ಉಳಿಸಿಕೊಳ್ಳುತ್ತದೆ. ಶಿಖರ, ಕಣಿವೆಗಳು ಉಳಿದುಕೊಳ್ಳುತ್ತವೆ. ಗೆರೆಯ ಅಗಲ 4 ಪಿಕ್ಸೆಲ್ ಆದರೆ ಬಿಂದುಗಳ ನಡುವೆ ಕನಿಷ್ಠ ಅಷ್ಟೇ ಅಂತರ ಇರಲಿ. 336ಕ್ಕೆ 80 ಬಿಂದು ಧಾರಾಳ.

ಗರಿಷ್ಠವನ್ನು ಉಳಿಸುವಾಗ ಕಸವೂ ಉಳಿಯುತ್ತದೆ, ಜೋಕೆ. ಮಣಿಕಟ್ಟಿನ ಬೆಳಕಿನ ಸೆನ್ಸರ್ ಕೆಲವೊಮ್ಮೆ ಬಡಿತದ ಬದಲು ಹೆಜ್ಜೆಯ ಲಯವನ್ನೇ ಹಿಡಿದುಬಿಡುತ್ತದೆ. ಪಟ್ಟಿ ಸಡಿಲವಾಗಿದ್ದರೆ ಒಂದೇ ಒಂದು ಓದು 190ಕ್ಕೆ ಹಾರಬಹುದು. ಗುಂಪು ಮಾಡುವ ಮೊದಲು ಒಂದೊಂದು ಓದನ್ನೂ ಅದರ ಹಿಂದಿನ ಮುಂದಿನ ಓದಿನ ಜೊತೆಗಿಟ್ಟು ಮಧ್ಯದ ಮೌಲ್ಯ ಆರಿಸಿ. ಒಂಟಿ ಓದಿನ ಜಿಗಿತ ಹೋಗುತ್ತದೆ, ನಿಜವಾದ ಐದು ನಿಮಿಷದ ಏರು ಉಳಿಯುತ್ತದೆ. ಹೆಜ್ಜೆಯ ಲಯ ಹಿಡಿದು ಹತ್ತು ನಿಮಿಷ ಹಾಗೇ ನಿಂತ ತಪ್ಪು ಓದನ್ನು ಮಾತ್ರ ಈ ಸೋಸುವಿಕೆ ಹಿಡಿಯಲಾರದು. ಅದಕ್ಕೆ ಹೆಜ್ಜೆಯ ದತ್ತಾಂಶದ ಜೊತೆ ಹೋಲಿಸಬೇಕು.

ವಾಚು ಬಿಚ್ಚಿಟ್ಟ ಹೊತ್ತಿಗೆ ಓದು ಇರುವುದಿಲ್ಲ. ಆ ಜಾಗ ಖಾಲಿ ಇರಲಿ. ಚಾರ್ಟಿನ ಲೈಬ್ರರಿಗಳು ಇರುವ ಬಿಂದುಗಳನ್ನಷ್ಟೇ ನೋಡಿ ನಡುವೆ ನೇರ ಗೆರೆ ಎಳೆದುಬಿಡುತ್ತವೆ. ಮೂರು ಗಂಟೆ ಬಡಿತ ಒಂದೇ ಸಮನೆ ಇಳಿದಂತೆ ಸುಳ್ಳು ಹೇಳುತ್ತವೆ. ಎರಡು ಓದುಗಳ ನಡುವಿನ ಅಂತರ ಸಾಮಾನ್ಯ ಅಂತರದ ಮೂರು ಪಟ್ಟು ಮೀರಿದರೆ ಗೆರೆ ಕಡಿಯಿರಿ. ಇನ್ನೊಂದು ಸುಳ್ಳು, ಖಾಲಿ ಓದನ್ನು ಸೊನ್ನೆ ಎಂದು ತುಂಬುವುದು. ಹೃದಯಬಡಿತದ ಚಾರ್ಟಿನಲ್ಲಿ ಸೊನ್ನೆ ಏನು ಹೇಳುತ್ತದೆ ಎಂದು ಯೋಚಿಸಿ.

ನಿದ್ದೆಯ ಹಂತಗಳ ಚಾರ್ಟಿಗೆ ಚಿಕ್ಕದೊಂದು ಮಾತು. ಎಂಟು ಗಂಟೆ ನಿದ್ದೆ 336 ಪಿಕ್ಸೆಲಿಗೆ ಹರಡಿದರೆ ಒಂದು ನಿಮಿಷಕ್ಕೆ ಒಂದು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಐದು ನಿಮಿಷಕ್ಕಿಂತ ಚಿಕ್ಕ ತುಣುಕುಗಳನ್ನು ಪಕ್ಕದ ಹಂತಕ್ಕೆ ಸೇರಿಸಿ ಬಿಡಿಸಿ. ಬಿಡಿಸುವುದಕ್ಕೆ ಮಾತ್ರ, ಒಟ್ಟು ಲೆಕ್ಕಕ್ಕೆ ಮೂಲ ದತ್ತಾಂಶವನ್ನೇ ಬಳಸಿ.

6. ಲಂಬ ಅಳತೆಯನ್ನು ನೀವೇ ಕಟ್ಟಿ

ಅಳತೆಯನ್ನು ಲೈಬ್ರರಿಗೆ ಬಿಟ್ಟರೆ ಇರುವ ಕನಿಷ್ಠ ಗರಿಷ್ಠಕ್ಕೆ ಸರಿಯಾಗಿ ಹಿಗ್ಗಿಸುತ್ತದೆ. ಕುಳಿತಿರುವವರ ಬಡಿತ 64ರಿಂದ 69ರ ನಡುವೆ ಆಡಿದ್ದು ಆಗ ಬೆಟ್ಟಗುಡ್ಡದಂತೆ ಕಾಣುತ್ತದೆ. ಫೋನಿನಲ್ಲಾದರೆ ಪಕ್ಕದ ಅಂಕಿಗಳನ್ನು ನೋಡಿ ಸಮಾಧಾನ ಆಗಬಹುದು. ವಾಚಿನಲ್ಲಿ ಆ ಅಂಕಿಗಳನ್ನು ನಾವು ತೆಗೆದುಹಾಕುತ್ತಿದ್ದೇವೆ. ಅದಕ್ಕೇ ಆಕಾರವೇ ನಿಜ ಹೇಳಬೇಕು.

ಇಡೀ ದಿನದ ಬಡಿತಕ್ಕೆ 40ರಿಂದ 180 ಸ್ಥಿರವಾಗಿ ಇಟ್ಟರೆ 252 ಪಿಕ್ಸೆಲಿನಲ್ಲಿ ಒಂದು ಬಡಿತಕ್ಕೆ 1.8 ಪಿಕ್ಸೆಲ್ ಸಿಗುತ್ತದೆ. ಹತ್ತು ಬಡಿತದ ವ್ಯತ್ಯಾಸ 18 ಪಿಕ್ಸೆಲ್, ಸುಮಾರು 1.4 ಮಿ.ಮೀ.; ಕಣ್ಣಿಗೆ ಸಲೀಸು. ನಿನ್ನೆಯ ಚಾರ್ಟನ್ನೂ ಇವತ್ತಿನದನ್ನೂ ಹೋಲಿಸಬಹುದು ಎನ್ನುವುದು ಇದರ ಇನ್ನೊಂದು ಲಾಭ. 180 ದಾಟಿದ ದಿನ ಮಾತ್ರ ಮೇಲಿನ ಮಿತಿಯನ್ನು 20ರ ಹೆಜ್ಜೆಯಲ್ಲಿ ಏರಿಸಿ. ಸ್ಥಿರ ಅಳತೆ ಹೊಂದದ ದತ್ತಾಂಶಕ್ಕೆ ಕನಿಷ್ಠ ವ್ಯಾಪ್ತಿ ಗೊತ್ತುಮಾಡಿ: ಉಷ್ಣತೆಯಾದರೆ 10 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ಕಡಿಮೆ ಏರಿಳಿತವನ್ನು ಹಿಗ್ಗಿಸುವುದು ಬೇಡ.

ಸೊನ್ನೆಯಿಂದ ಮೇಲೆದ್ದು ಮೊತ್ತ ತೋರಿಸುವ ಕಂಬಗಳು, ಅಂದರೆ ಹೆಜ್ಜೆ, ಕ್ಯಾಲರಿ, ಮಳೆ, ಸೊನ್ನೆಯಿಂದಲೇ ಶುರುವಾಗಬೇಕು. ಜಾಗ ಉಳಿಸಲು ತಳ ಕತ್ತರಿಸಬೇಡಿ.

7. ಅಂಕಿ, ಅಕ್ಷರ

ಅಕ್ಷದ ಗೆರೆ, ಜಾಲರಿ, ಬಣ್ಣಗಳ ಅರ್ಥ ಹೇಳುವ ಪಟ್ಟಿ: ಮೂರನ್ನೂ ತೆಗೆಯಿರಿ. ಕೆಳಗಿನ ಗಂಟೆಗಳ ಸಾಲು ಬಿಟ್ಟರೆ ಉಳಿಯಬೇಕಾದ ಅಂಕಿ ಮೂರೇ: ಈಗಿನದು, ಅತಿ ಹೆಚ್ಚು, ಅತಿ ಕಡಿಮೆ. ಹೆಚ್ಚು ಕಡಿಮೆಯ ಅಂಕಿಗಳನ್ನು ಆಯಾ ಶಿಖರ ಮತ್ತು ಕಣಿವೆಯ ಪಕ್ಕದಲ್ಲೇ ಬರೆಯಿರಿ. ಗುರಿ ಇದ್ದರೆ ಒಂದು ಅಡ್ಡಗೆರೆ. ಆ್ಯಪಲ್ ವಾಚಿಗೆ ವಾಚ್‌ಓಎಸ್ 9ರೊಂದಿಗೆ 2022ರಲ್ಲಿ ಬಂದ ಸ್ವಿಫ್ಟ್ ಚಾರ್ಟ್ಸ್ ಲೈಬ್ರರಿ ಬಳಸುವವರು ನೆನಪಿಡಿ, ಅದು ತಾನಾಗಿಯೇ ಜಾಲರಿ ಮತ್ತು ಅಕ್ಷದ ಅಂಕಿಗಳನ್ನು ಹಾಕುತ್ತದೆ. ಎರಡೂ ಅಕ್ಷಗಳನ್ನು ಮುಚ್ಚಿ ಬೇಕಾದ ಗುರುತನ್ನು ನೀವೇ ಇಡಿ.

ಬದಲಾಗುತ್ತಿರುವ ಅಂಕಿಗೆ ಎಲ್ಲ ಅಂಕಿಗಳೂ ಒಂದೇ ಅಗಲ ಇರುವ ಫಾಂಟ್ ಬಳಸಿ. ಇಲ್ಲದಿದ್ದರೆ 71ರಿಂದ 72ಕ್ಕೆ ಹೋದಾಗ ಇಡೀ ಸಂಖ್ಯೆ ಎಡಬಲಕ್ಕೆ ಕುಣಿಯುತ್ತದೆ. ದೊಡ್ಡ ಸಂಖ್ಯೆಯನ್ನು ದುಂಡಾಗಿಸಿ: 8,432 ಹೆಜ್ಜೆಗೆ "8.4 ಸಾ" ಸಾಕು.

ಕನ್ನಡದಲ್ಲಿ ಪರದೆ ಮಾಡುವವರಿಗೆ ಮೇಲಿನ ಅಕ್ಷರದ ಲೆಕ್ಕ ಸಾಲುವುದಿಲ್ಲ. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಅದರ ಕೆಳಗೆ ಕೂರುತ್ತದೆ. 22 ಪಿಕ್ಸೆಲಿನ "ಗರಿಷ್ಠ"ದಲ್ಲಿ ಠ ಒತ್ತು ಒಂದು ಕಪ್ಪು ಮುದ್ದೆ. ಒಂದೋ ಗಾತ್ರ ಹೆಚ್ಚಿಸಿ, ಇಲ್ಲವೇ ಒತ್ತಿಲ್ಲದ ಪದ ಹುಡುಕಿ. "ಹೃದಯಬಡಿತ"ದ ಬದಲು ಹೃದಯದ ಚಿಹ್ನೆ, ಗರಿಷ್ಠಕ್ಕೆ ಮೇಲ್ಮುಖ ಬಾಣ ಸಾಕು. ಸಾಲಿನ ಎತ್ತರ ಫಾಂಟ್ ಗಾತ್ರದ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಉದ್ದವಾದ ಪದವನ್ನು ಕತ್ತರಿಸುವಾಗ ಯೂನಿಕೋಡ್ ಸಂಕೇತಗಳನ್ನು ಎಣಿಸಿ ಕತ್ತರಿಸಬೇಡಿ. "ಕ್ರ"ದ ನಡುವೆ ಕತ್ತರಿ ಬಿದ್ದರೆ ತುದಿಯಲ್ಲಿ "ಕ್" ನೇತಾಡುತ್ತದೆ. ಇಡೀ ಅಕ್ಷರವನ್ನು ಒಂದು ಘಟಕವಾಗಿ ಎಣಿಸುವ ಕ್ರಮ ಬಳಸಿ.

8. ಬಣ್ಣ

ಪ್ರತಿ ಪಿಕ್ಸೆಲೂ ತಾನೇ ಬೆಳಗುವ ಓಎಲ್‌ಇಡಿ ಪರದೆಯಲ್ಲಿ ಕಪ್ಪು ಎಂದರೆ ಆರಿದ ಪಿಕ್ಸೆಲ್. ಹಿನ್ನೆಲೆ ಪೂರ್ತಿ ಕಪ್ಪಾಗಿರಲಿ. ಬ್ಯಾಟರಿ ಉಳಿಯುತ್ತದೆ, ಪರದೆಯ ಅಂಚು ವಾಚಿನ ಚೌಕಟ್ಟಿನಲ್ಲಿ ಬೆರೆತು ಜಾಗ ದೊಡ್ಡದಾದಂತೆ ಕಾಣುತ್ತದೆ.

ಕಪ್ಪಿನ ಮೇಲೆ ಶುದ್ಧ ನೀಲಿ ಗೆರೆ ಎಳೆಯಬೇಡಿ. ವೆಬ್‌ನ ಸುಲಭಬಳಕೆಯ ಮಾನದಂಡ ಡಬ್ಲ್ಯೂಸಿಎಜಿ 2.1 ಚಿತ್ರದ ಭಾಗಗಳಿಗೆ ಕನಿಷ್ಠ 3:1, ಸಣ್ಣ ಬರಹಕ್ಕೆ 4.5:1 ಬೆಳಕಿನ ಅಂತರ ಕೇಳುತ್ತದೆ. ಕಪ್ಪಿನ ಮೇಲೆ ಶುದ್ಧ ಹಳದಿಗೆ 19.6:1, ಹಸಿರಿಗೆ 15.3:1, ಕೆಂಪಿಗೆ 5.3:1 ಇದ್ದರೆ ಶುದ್ಧ ನೀಲಿಗೆ ಬರೀ 2.4:1. ಸಾಲದೆಂಬಂತೆ ಕಣ್ಣಿನ ನಟ್ಟನಡುವೆ, ನಾವು ಸಣ್ಣ ವಿವರ ನೋಡುವ ಜಾಗದಲ್ಲಿ, ನೀಲಿ ಗ್ರಹಿಸುವ ಕೋಶಗಳೇ ಇಲ್ಲವೆನ್ನುವಷ್ಟು ಕಡಿಮೆ. ನೀಲಿ ಬೇಕಿದ್ದರೆ ಬಿಳಿ ಬೆರೆಸಿದ ತಿಳಿನೀಲಿ ತೆಗೆದುಕೊಳ್ಳಿ.

ಕೆಂಪು-ಹಸಿರಿನ ಜೋಡಿಯಿಂದ ಒಳ್ಳೆಯದು-ಕೆಟ್ಟದ್ದು ಹೇಳಬೇಡಿ. ಆ ಎರಡನ್ನು ಬೇರ್ಪಡಿಸಲಾಗದ ಕಣ್ಣುಗಳು, ಮುಖ್ಯವಾಗಿ ಗಂಡಸರಲ್ಲಿ, ಕಡಿಮೆಯೇನಿಲ್ಲ. ತಿಳಿನೀಲಿ-ಕಿತ್ತಳೆ ಜೋಡಿ ಸುರಕ್ಷಿತ. ಇನ್ನೂ ಒಳ್ಳೆಯದೆಂದರೆ ಒಂದೇ ಬಣ್ಣ: ಇವತ್ತಿನ ಕಂಬ ಪೂರ್ತಿ ಬೆಳಗಿರಲಿ, ಉಳಿದವು ಮಂಕಾಗಿರಲಿ.

ಮಿಪ್ ಪರದೆಯದು ಬೇರೆಯೇ ಲೋಕ. ಸ್ವಂತ ಬೆಳಕಿಲ್ಲದೆ ಹೊರಗಿನ ಬೆಳಕನ್ನೇ ಪ್ರತಿಫಲಿಸುವ ಈ ಪರದೆಗಳು ಬಿಸಿಲಲ್ಲಿ ಸೊಗಸು, ಮನೆಯೊಳಗೆ ಮಂಕು. ಹಲವದರಲ್ಲಿ 64 ಬಣ್ಣ ಮಾತ್ರ, ಅಂದರೆ ಕೆಂಪು, ಹಸಿರು, ನೀಲಿಗೆ ತಲಾ ನಾಲ್ಕೇ ಮೆಟ್ಟಿಲು. ಅಲ್ಲಿ ಬಣ್ಣದ ಇಳಿಜಾರು ಪಟ್ಟೆಪಟ್ಟೆಯಾಗುತ್ತದೆ, ತಿಳಿಬಣ್ಣಗಳು ಒಂದಕ್ಕೊಂದು ಬೆರೆಯುತ್ತವೆ. ಕಪ್ಪು, ಬಿಳಿ ಮತ್ತು ಒಂದು ಗಾಢ ಬಣ್ಣದಲ್ಲಿ ಮುಗಿಸಿ.

9. ಕೈ ಇಳಿಸಿದಾಗಿನ ಪರದೆ ಮತ್ತು ಮುಖಪುಟದ ತುಣುಕು

ಕೈ ಇಳಿಸಿದ ಮೇಲೂ ಮಂದವಾಗಿ ಉರಿಯುವ ಸ್ಥಿತಿಗೆ ಚಾರ್ಟನ್ನು ಬೇರೆಯಾಗಿ ಬಿಡಿಸಬೇಕು. ಈ ಸ್ಥಿತಿಯಲ್ಲಿ ಬೆಳಗುವ ಪಿಕ್ಸೆಲ್ ಶೇ. 15 ದಾಟಬಾರದು ಎನ್ನುವುದು ವೇರ್ ಓಎಸ್‌ನ ಸೂಚನೆ. ತುಂಬಿದ ಕಂಬಗಳನ್ನು ಬರೀ ಹೊರಗೆರೆ ಮಾಡಿ, ಸೆಕೆಂಡಿಗೊಮ್ಮೆ ಬದಲಾಗುವ ಅಂಕಿಯನ್ನು ತೆಗೆಯಿರಿ. ಪರದೆ ಹೊಸದಾಗುವುದು ನಿಮಿಷಕ್ಕೊಮ್ಮೆ ಮಾತ್ರ, ಹಳೆಯ ಬಡಿತ ಈಗಿನದೆಂಬ ಭ್ರಮೆ ಹುಟ್ಟಿಸುತ್ತದೆ. ಗುರಿಯ ಅಡ್ಡಗೆರೆ ಸದಾ ಒಂದೇ ಜಾಗದಲ್ಲಿ ಉರಿದರೆ ಓಎಲ್‌ಇಡಿ ಪರದೆಯಲ್ಲಿ ಅದರ ಕಲೆ ಉಳಿಯಬಹುದು. ಮಂದ ಸ್ಥಿತಿಯಲ್ಲಿ ಅದನ್ನು ಬಿಡಿಸಲೇಬೇಡಿ.

ವಾಚಿನ ಮುಖದ ಮೇಲೆ ಕೂರುವ ಪುಟ್ಟ ತುಣುಕನ್ನು ಕಾಂಪ್ಲಿಕೇಶನ್ ಎನ್ನುತ್ತಾರೆ. ದುಂಡು ತುಣುಕಿಗೆ ಒಂದು ಬಳೆ ಮತ್ತು ಸಂಖ್ಯೆಗಿಂತ ಹೆಚ್ಚು ಹಿಡಿಸುವುದಿಲ್ಲ. ಉದ್ದ ಆಯತದ ತುಣುಕಿನಲ್ಲಿ ಮಾತ್ರ ಅಕ್ಷಗಳಿಲ್ಲದ ಪುಟ್ಟ ಗೆರೆಗೆ ಜಾಗವಿದೆ. ವೇರ್ ಓಎಸ್‌ನಲ್ಲಿ ತಾನಾಗಿ ಹೊಸದಾಗುವ ಅವಧಿಯನ್ನು 300 ಸೆಕೆಂಡಿಗಿಂತ ಕಡಿಮೆ ಇಡಲಾಗುವುದಿಲ್ಲ. ಕ್ಷಣಕ್ಷಣಕ್ಕೆ ಬದಲಾಗುವುದನ್ನು ಅಲ್ಲಿ ತೋರಿಸುವ ಯೋಚನೆ ಬಿಡಿ, ಓದಿದ ಹೊತ್ತನ್ನೂ ಜೊತೆಗೆ ಬರೆಯಿರಿ.

10. ಕೈಗೆ ಕಟ್ಟಿ ನೋಡಿ

ಕಂಪ್ಯೂಟರಿನಲ್ಲಿ ವಾಚನ್ನು ಅನುಕರಿಸಿ ತೋರಿಸುವ ಎಮ್ಯುಲೇಟರನ್ನು ನಂಬಬೇಡಿ. 450 ಪಿಕ್ಸೆಲಿನ ಪರದೆಯನ್ನು ಇಂಚಿಗೆ ನೂರು ಪಿಕ್ಸೆಲ್ ಇರುವ ಮಾನಿಟರಿನಲ್ಲಿ ನೋಡುವಾಗ ಅದು ಹನ್ನೊಂದು ಸೆಂ.ಮೀ. ಅಗಲ, ನಿಜದ ಮೂರು ಪಟ್ಟು. ಕೋಡ್ ಬರೆಯುವ ಮೊದಲೇ ಚಿತ್ರವನ್ನು ಸರಿಯಾಗಿ 35.5 ಮಿ.ಮೀ. ಅಡ್ಡಳತೆಗೆ ಮುದ್ರಿಸಿ, ಕತ್ತರಿಸಿ, ಮಣಿಕಟ್ಟಿಗೆ ಅಂಟಿಸಿ ನೋಡಿ. ಎಷ್ಟೋ ವಿನ್ಯಾಸಗಳು ಅಲ್ಲಿಗೇ ಮುಗಿಯುತ್ತವೆ.

ಆಮೇಲೆ ನಿಜವಾದ ವಾಚಿನಲ್ಲಿ: ಪರದೆಯನ್ನು ಒಂದು ಸೆಕೆಂಡು ತೋರಿಸಿ, ಮುಚ್ಚಿ, ಮೊದಲ ಹಂತದಲ್ಲಿ ಬರೆದಿಟ್ಟ ಪ್ರಶ್ನೆ ಕೇಳಿ. ಐದು ಜನರಲ್ಲಿ ಇಬ್ಬರು ತಡವರಿಸಿದರೂ ಏನನ್ನಾದರೂ ತೆಗೆದುಹಾಕಬೇಕು. ಇದನ್ನೇ ನಡೆಯುತ್ತಾ, ನಡು ಮಧ್ಯಾಹ್ನದ ಬಿಸಿಲಿನಲ್ಲಿ, ಕತ್ತಲ ಕೋಣೆಯಲ್ಲಿ ಮಾಡಿ. ಮಣಿಕಟ್ಟು ಪೂರ್ತಿ ತಿರುಗದೆ 45 ಡಿಗ್ರಿ ವಾಲಿದ್ದರೆ ಎತ್ತರ ಶೇ. 70ಕ್ಕೆ ಕುಗ್ಗಿದಂತೆ ಕಾಣುತ್ತದೆ. ಆಗಲೂ ಈಗಿನ ಬಡಿತ ಓದಲು ಬರಬೇಕು. ವಾಚಿನ ಸೆಟ್ಟಿಂಗಿನಲ್ಲಿ ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಏರಿಸಿ, ಮೂರಂಕಿಯ ಸಂಖ್ಯೆ ಅಂಚಿಗೆ ತಾಗುತ್ತದೆಯೇ ನೋಡಿ.

ಬೆರಳಿಟ್ಟು ಬಿಂದುವಿನ ವಿವರ ನೋಡುವ ಸೌಲಭ್ಯ ಕೊಟ್ಟಿದ್ದರೆ ಅದನ್ನೂ ಈಗಲೇ ಪರೀಕ್ಷಿಸಿ. ಆಂಡ್ರಾಯ್ಡ್ ಶಿಫಾರಸು ಮಾಡುವ 48 ಡಿಪಿಯ ಸ್ಪರ್ಶ ಜಾಗ ಎಂದರೆ 7.6 ಮಿ.ಮೀ.; ನಮ್ಮ ಕಂಬ ಮತ್ತು ಸಂದಿ ಸೇರಿ ಇರುವುದು 1.1 ಮಿ.ಮೀ. ಬೆರಳು ಏಳು ಗಂಟೆಗಳನ್ನು ಒಟ್ಟಿಗೆ ಮುಚ್ಚುತ್ತದೆ. ಪಕ್ಕದ ತಿರುಗುಗುಂಡಿಯಿಂದ ಒಂದೊಂದೇ ಗಂಟೆ ಸರಿಸುವ ಹಾಗೆ ಮಾಡಿ, ಆರಿಸಿದ ಗಂಟೆಯ ಅಂಕಿ ಮೇಲಿನ ಕಮಾನಿನಲ್ಲಿ ಬರಲಿ.

ಕೊನೆಯದಾಗಿ, ಆ್ಯಪನ್ನು ಅಳಿಸಿ ಮತ್ತೆ ಹಾಕಿ ತೆರೆಯಿರಿ. ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ವಾಚು ಕಟ್ಟಿದವರಿಗೆ ಒಂಬತ್ತಕ್ಕೆ ಕಾಣುವುದು ಒಂದೇ ಒಂದು ಕಂಬ, ಸುತ್ತ 23 ಖಾಲಿ ಜಾಗ. ಹಾಗಿರುವಾಗಲೂ ಅದು ಕೆಟ್ಟುಹೋದ ಪರದೆಯಂತೆ ಕಾಣಬಾರದು: ಖಾಲಿ ಗಂಟೆಗಳ ಬುಡದಲ್ಲಿ ಒಂದೊಂದು ಮಂಕು ಚುಕ್ಕೆ ಇಟ್ಟರೆ ಅಲ್ಲಿ ಮುಂದೆ ಏನೋ ಬರಲಿದೆ ಎಂದು ತಾನಾಗಿ ತಿಳಿಯುತ್ತದೆ.